ಸಂಗೀತವು ಕೇವಲ ಭೂಷಣವೇ?

ಹೆಣ್ಣುಮಕ್ಕಳಿಗೆ ಸಂಗೀತವು ಒಂದು ಭೂಷಣವೆಂದು ಹೇಳುವುದು ವಾಡಿಕೆ. ಭೂಷಣವನ್ನು ಬೇಕಾದಾಗ ಧರಿಸಿ ಬೇಡವಾದಾಗ ಪೆಟ್ಟಿಗೆಯಲ್ಲಿಡಬಹುದು. ಹತ್ತನೆಯ ತರಗತಿಯ ಪರೀಕ್ಷೆಯು ಸಮೀಪಿಸಿದೊಡನೆ ಮಗಳ ಸಂಗೀತಪಾಠವನ್ನು ನಿಲ್ಲಿಸುವ ತಂದೆತಾಯಿಗಳು ಈ ಭಾವನೆಯಿಂದಲೇ ಹಾಗೆ ಮಾಡುತ್ತಾರೆ. ಸಂಗೀತವು ಭೂಷಣವಲ್ಲ, ವಿದ್ಯೆಯೆಂದೇ ನಮ್ಮ ಅಭಿಪ್ರಾಯ. ಅಮೇರಿಕಾ ದೇಶದಲ್ಲಿ ಜಾಸ್ ಎಂಬ ಸಂಗೀತಪದ್ಧತಿಯ ಪಿಯಾನೋ ವಾದಕಿಯಾಗಿ ಕೀರ್ತಿಗೊಂಡ ಮೇರಿ ಲೂ ವಿಲಿಯಮ್ಸ್ ಎಂಬಾಕೆಯ ಜೀವನವು ಇದಕ್ಕೆ ಸಾಕ್ಷಿಯಾಗಿದೆ.

ಆಫ್ರಿಕನ್ ವಂಶದ ಬಡ ಕುಟುಂಬವೊಂದರಲ್ಲಿ 1910ರಲ್ಲಿ ಅಟ್ಲಾಂಟಾ ನಗರದಲ್ಲಿ ಜನಿಸಿದ ಈಕೆ ಪಿಟ್ಸ್‌ಬರ್ಗಿನಲ್ಲಿ ಬೆಳೆದಳು. ತಾಯಿಯ ತೊಡೆಯ ಮೇಲೆ ಕುಳಿತು, ಆಕೆ ಬಾರಿಸಿದುದನ್ನು ಕೇಳಿ, ಅದನ್ನೇ ತಾನೂ ಬಾರಿಸಿದ ಶಿಶುವಿದು. ಬಾಲ್ಯದಲ್ಲಿಯೇ ನೆರೆಹೊರೆಯ ಮನೆಗಳಲ್ಲಿ ನುಡಿಸಿ ಸಂಸಾರಕ್ಕೆ ನೆರವಾದಳು. ಆದರೆ ದೈವದತ್ತವಾದ ಕಿವಿಯೊಂದೇ ಸಾಲದೆಂಬುದು ಆಕೆಗೆ ಬೇಗನೆ ತಿಳಿಯಿತು. ಆಂಡಿ ಕರ್ಕ್ ಎಂಬವನ ವಾದ್ಯಮೇಳಕ್ಕೆ ಹಾಡುಗಳನ್ನು ಹೊಂದಿಸಬೇಕಾದಾಗ, ಸ್ವರಗಳನ್ನು ಬರೆಯಲು ಬಾರದೆ, ಮೊದಮೊದಲು ತಾನು ಹೇಳಿ ಅವನಿಂದ ಬರೆಯಿಸಿದಳು. ಬಳಿಕ ಸ್ವರಲಿಪಿಯನ್ನು ಕಲಿತು, ಗಂಡಸರೇ ತುಂಬಿದ್ದ ಆ ಮೇಳಕ್ಕೆ ಆಧಾರವಾದಳು. ಬೆನ್ನಿ ಗುಡ್‌ಮನ್, ಡ್ಯೂಕ್ ಎಲಿಂಗ್ಟನ್ ಮುಂತಾದ ಪ್ರಸಿದ್ಧ ನಾಯಕರೂ ಆಕೆಯಿಂದ ತಮ್ಮ ಮೇಳಗಳಿಗೆ ಬರೆಯಿಸಿಕೊಂಡರು. 1945ರಲ್ಲಿ ಹನ್ನೆರಡು ರಾಶಿಗಳನ್ನು ಕುರಿತ 'ಜೋಡಿಯಾಕ್ ಸೂಟ್' ಎಂಬ ದೀರ್ಘಕೃತಿಯನ್ನು ರಚಿಸಿದಳು.

ತಾನು ಕಲಿತುದನ್ನು ಆಕೆ ಬಚ್ಚಿಡಲಿಲ್ಲ. ನ್ಯೂಯಾರ್ಕಿನ ಆಕೆಯ ಮನೆಯು ಥೆಲೋನಿಯಸ್ ಮಂಕ್, ಬಡ್ ಪೊವೆಲ್ ಮೊದಲಾದ ತರುಣ ವಾದಕರಿಗೆ ಪಾಠಶಾಲೆಯಂತಿತ್ತು. 1954ರಲ್ಲಿ ಮನಸ್ಸು ಬಳಲಿ ವಾದನವನ್ನು ತ್ಯಜಿಸಿ, ಪ್ರಾರ್ಥನೆಯಲ್ಲಿಯೂ ದೀನರ ಸೇವೆಯಲ್ಲಿಯೂ ನಿರತಳಾದಳು. ಆದರೂ ವಿದ್ಯೆಯು ಆಕೆಯನ್ನು ಬಿಡಲಿಲ್ಲ. 1957ರಲ್ಲಿ ಪುನಃ ವೇದಿಕೆಯನ್ನೇರಿದಳು. ಆಕೆ ರಚಿಸಿದ ಆರಾಧನಾ ಸಂಗೀತವು 1975ರಲ್ಲಿ ನ್ಯೂಯಾರ್ಕಿನ ಸೆಂಟ್ ಪ್ಯಾಟ್ರಿಕ್ ಮಹಾದೇವಾಲಯದಲ್ಲಿ ಮೊಳಗಿತು. 1977ರಿಂದ 1981ರಲ್ಲಿ ತೀರಿಕೊಳ್ಳುವವರೆಗೆ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದಳು.

ನಮ್ಮ ಹುಡುಗಿಯರೆಲ್ಲರೂ ಮೇರಿ ಲೂ ಆಗುವರೇ ಎಂದು ಕೆಲವರು ಕೇಳಬಹುದು. ಆಗಲಾರರು. ಗಣಿತವನ್ನು ಕಲಿತವರೆಲ್ಲರೂ ರಾಮಾನುಜನ್ ಆಗಲಿಲ್ಲ. ಆದರೂ ಆ ಕಾರಣದಿಂದ ಗಣಿತಪಾಠವನ್ನು ಯಾರೂ ನಿಲ್ಲಿಸುವುದಿಲ್ಲ. ಸಂಗೀತಕ್ಕೆ ಮಾತ್ರ ಬೇರೆ ನ್ಯಾಯವೇಕೆ? ವಿದ್ಯೆಯಾಗಿ ಕಲಿತ ಸಂಗೀತವು ಕೆಲವರಿಗೆ ಜೀವನೋಪಾಯವಾದೀತು, ಮಿಕ್ಕವರಿಗೆ ದುಃಖಕಾಲದ ಸಂಗಾತಿಯಾದೀತು. ಆದುದರಿಂದ ಪರೀಕ್ಷೆಯ ವರ್ಷದಲ್ಲಿಯೂ ವಾರಕ್ಕೊಂದು ಗಂಟೆಯನ್ನಾದರೂ ಮಗಳ ಸಂಗೀತಕ್ಕೆ ಉಳಿಸಿರೆಂದು ಪೋಷಕರನ್ನು ಬೇಡುತ್ತೇವೆ. ಮದುವೆಯ ಬಳಿಕ ಹಾರ್ಮೋನಿಯಮ್ಮನ್ನು ಮುಚ್ಚಿಟ್ಟ ಹಿರಿಯ ವಿದ್ಯಾರ್ಥಿನಿಯರು ಅದನ್ನು ತೆರೆದು, ನೆರೆಮನೆಯ ಒಂದು ಮಗುವಿಗಾದರೂ ಸ್ವರಗಳನ್ನು ಕಲಿಸಲಿ.