ಮರದ ಗಂಟು ಮತ್ತು ಅದರಿಂದಾಗುವ ಪಾತ್ರೆಗಳು

ಹಳೆಯ ಹುಣಿಸೆಯೋ ಬೇವೋ ಗಾಳಿಗೆ ಉರುಳಿದಲ್ಲಿ, ನೆಟ್ಟಗಿರುವ ದಿಮ್ಮಿಯು ಬಡಗಿಯ ಪಾಲಿಗೂ ಕೊಂಬೆರೆಂಬೆಗಳು ಒಲೆಯ ಪಾಲಿಗೂ ಸಲ್ಲುವುದು ಗ್ರಾಮಗಳಲ್ಲಿ ರೂಢಿಯಾಗಿದೆ. ಬೊಡ್ಡೆಯ ಮಗ್ಗುಲಲ್ಲಿ ಹುತ್ತದಂತೆ ಉಬ್ಬಿ ಬೆಳೆದ ಗಂಟೊಂದಿದ್ದರೆ, ಅದು ಇಬ್ಬರಿಗೂ ಬೇಡವಾದುದು. ಅದರಲ್ಲಿ ಹಲಗೆ ಕೊಯ್ಯಲು ಬಾರದು. ಕೊಡಲಿಯ ಏಟಿಗೆ ಅದು ಸೀಳಿಕೊಳ್ಳದು. ಕೆಲವು ಕಾಲ ಹಿತ್ತಲಲ್ಲಿ ಮಳೆಗೆ ನೆನೆದು, ಬಿಸಿಲಿಗೆ ಬಿರಿದು, ಕಟ್ಟಕಡೆಗೆ ಆಲೆಮನೆಯ ಒಲೆಗೋ ಇಟ್ಟಿಗೆಯ ಗೂಡಿಗೋ ಬೀಳುವುದು ಅದರ ಗತಿ. ಇದೇ ಗಂಟು ಬೇರೆ ಕೆಲವು ದೇಶಗಳಲ್ಲಿ ಸಾಧಾರಣ ದಿಮ್ಮಿಗಿಂತ ಅಧಿಕವಾದ ಬೆಲೆಗೆ ಮಾರಾಟವಾಗುವುದೆಂದರೆ ಕೃಷಿಕರಿಗೆ ಆಶ್ಚರ್ಯವಾಗದಿರದು. ಆದರೆ ಗಂಟನ್ನು ಸುಟ್ಟು ಕಳೆಯುವುದು ಒಂದು ತಪ್ಪಾದರೆ, ಗಂಟಿನ ಆಸೆಗಾಗಿ ಮರವನ್ನೇ ಕಳೆಯುವುದು ಅದಕ್ಕಿಂತ ದೊಡ್ಡ ತಪ್ಪು. ಮೊದಲನೆಯದನ್ನು ತಿದ್ದಲು ಹೊರಟವರು ಎರಡನೆಯದರಲ್ಲಿ ಬಿದ್ದ ಉದಾಹರಣೆಗಳು ಹಲವುಂಟು. ಆದುದರಿಂದ ಈ ಕಲೆಯ ಗುಣವನ್ನೂ ಅದರ ಮಿತಿಯನ್ನೂ ಒಟ್ಟಿಗೆ ಅರಿತುಕೊಳ್ಳುವುದು ಯುಕ್ತವಾಗಿದೆ.

ಮರಕ್ಕೆ ಪೆಟ್ಟು ಬಿದ್ದಾಗ, ಬೆಂಕಿ ತಗುಲಿದಾಗ, ಕ್ರಿಮಿಯೋ ಬೂಷ್ಟೋ ಹಿಡಿದಾಗ, ಆ ಭಾಗದ ಬೆಳವಣಿಗೆಯು ಕ್ರಮ ತಪ್ಪಿ ಉಬ್ಬಿಕೊಳ್ಳುವುದುಂಟು. ಕೆಲವು ಜಾತಿಯ ಮರಗಳಲ್ಲಿ ಇದು ರೋಗವಲ್ಲದೆ ಹುಟ್ಟುಗುಣವೇ ಆಗಿದ್ದು, ಬುಡದಲ್ಲಿ ಗಡ್ಡೆಯಂತೆ ಬೆಳೆಯುತ್ತದೆ. ಇಂಥ ಗಂಟಿನೊಳಗೆ ಹಲವೊಮ್ಮೆ ಒಡೆಯದೆ ಉಳಿದ ಅಸಂಖ್ಯಾತ ಮೊಗ್ಗುಗಳು ಹುದುಗಿರುತ್ತವೆ. ಅವುಗಳ ಸುತ್ತ ಮರದ ಎಳೆಗಳು ಹೊಳೆಯ ಸುಳಿಯಂತೆ ಸುತ್ತಿಕೊಂಡು ಹೋಗುತ್ತವೆ. ಮೊಗ್ಗಿನ ಜಾಡುಗಳಿಗೆ ಅಡ್ಡವಾಗಿ ಕೊಯ್ದರೆ ಅವು ಸಣ್ಣ ಕಣ್ಣುಗಳಂತೆಯೂ, ಉದ್ದಕ್ಕೆ ಕೊಯ್ದರೆ ಗೆರೆಗಳಂತೆಯೂ ತೋರುವುವು. ಬಡಗಿಗೆ ದೋಷವಾಗಿ ಕಂಡ ಈ ವಕ್ರತೆಯೇ ಕಡೆಯುವವನಿಗೆ ಚಿತ್ರವಾಗಿ ಪರಿಣಮಿಸುತ್ತದೆ. ಎಳೆಗಳು ಒಂದೇ ದಿಕ್ಕಿಗೆ ಓಡದಿರುವುದರಿಂದ ಗಂಟು ಸುಲಭವಾಗಿ ಸೀಳುವುದಿಲ್ಲ. ಸ್ಕ್ಯಾಂಡಿನೇವಿಯದ ಉತ್ತರ ಭಾಗದಲ್ಲಿ ಹಿಮಸಾರಂಗಗಳನ್ನು ಸಾಕಿಕೊಂಡು ಬಂದ ಸಾಮಿ ಜನರು, ಬರ್ಚ್ ಮರದ ಗಂಟನ್ನು ಕೆತ್ತಿ ‘ಗುಕ್ಸಿ’ ಎಂಬ ಕುಡಿಯುವ ಬಟ್ಟಲನ್ನು ಮಾಡಿಕೊಳ್ಳುತ್ತಿದ್ದುದು ಈ ಗಟ್ಟಿತನವನ್ನು ನೆಚ್ಚಿಯೇ. ಅಲ್ಲಿ ಈ ಬಟ್ಟಲುಗಳು ಈಗಲೂ ತಯಾರಾಗುತ್ತವೆ.

ಗಂಟನ್ನು ಚರಕಿಯಲ್ಲಿ ಕಡೆದು ಪಾತ್ರೆ ಮಾಡುವ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ಹೆಚ್ಚಾಗಿ ಬೇಕು. ಹಸಿ ಗಂಟು ಬೇಗ ಬಿರಿಯುವುದರಿಂದ, ಕೊಯ್ದ ಕೂಡಲೆ ಅದರ ಮುಖಗಳಿಗೆ ಮೇಣ ಬಳಿದು ನೆರಳಿನಲ್ಲಿಡತಕ್ಕದ್ದು. ಚರಕಿಗೆ ಏರಿಸಿದಾಗ ಅದು ಉರುಟಾಗಿಲ್ಲದ ಕಾರಣ ಯಂತ್ರವೇ ನಡುಗುವುದು. ಆದುದರಿಂದ ಆರಂಭದಲ್ಲಿ ನಿಧಾನವಾಗಿ ತಿರುಗಿಸಿ, ಹರಿತವಾದ ಉಳಿಯಿಂದ ತೆಳುವಾಗಿ ಸವರುತ್ತ ಬರಬೇಕು. ಗಂಟಿನೊಳಗೆ ಸಿಕ್ಕಿಕೊಂಡ ತೊಗಟೆಯ ತುಣುಕು ಸಿಡಿಯುವ ಭಯವಿರುವುದರಿಂದ ಮುಖಕ್ಕೆ ಕಾಪು ಅವಶ್ಯ. ಮರದ ಧೂಳು ಶ್ವಾಸಕ್ಕೆ ಕೆಡುಕಾದುದರಿಂದ ಮೂಗುಬಾಯಿಗಳನ್ನೂ ಮುಚ್ಚಿಕೊಳ್ಳತಕ್ಕದ್ದು. ಮೊದಲ ಸಲ ಪಾತ್ರೆಯನ್ನು ದಪ್ಪವಾಗಿಯೇ ಬಿಡುವುದು ಪದ್ಧತಿ. 10 ಅಂಗುಲ ಅಗಲದ ಬಟ್ಟಲಾದರೆ ಅದರ ಗೋಡೆಯನ್ನು ಸುಮಾರು 1 ಅಂಗುಲದಷ್ಟು ಉಳಿಸುವರು. ಬಳಿಕ ಅದನ್ನು ಕಾಗದದಲ್ಲಿ ಸುತ್ತಿ ಗಾಳಿ ಬಡಿಯದೆಡೆಯಲ್ಲಿಟ್ಟು, ಆಗಾಗ ತೂಗಿ ನೋಡುತ್ತಾರೆ. ತೂಕ ಇಳಿಯುವುದು ನಿಂತಾಗ ಮರ ಒಣಗಿತೆಂದು ತಿಳಿಯಬಹುದು. ಇದಕ್ಕೆ ಹಲವು ತಿಂಗಳುಗಳೇ ಹಿಡಿಯುತ್ತವೆ. ಒಣಗುವಾಗ ಸೊಟ್ಟಗಾದ ಬಟ್ಟಲನ್ನು ಮತ್ತೆ ಚರಕಿಗೇರಿಸಿ, ತೆಳುವಾಗಿ ಕಡೆದು, ಉಜ್ಜಿ, ಎಣ್ಣೆಯನ್ನೋ ಅರಗನ್ನೋ ಹಚ್ಚಿದ ಮೇಲೆ ಕೆಲಸ ಪೂರ್ತಿಯಾಗುತ್ತದೆ. ಅವಸರಪಟ್ಟವನಿಗೆ ಒಡೆದ ಬಟ್ಟಲು ದೊರೆಯುವುದೇ ವಿನಾ ಬೇರೇನೂ ಇಲ್ಲ.

ಅಮೆರಿಕದಲ್ಲಿ ಮೆಲ್ ಲಿಂಡ್ಕ್ವಿಸ್ಟ್ ಮತ್ತು ಆತನ ಮಗ ಮಾರ್ಕ್ ಲಿಂಡ್ಕ್ವಿಸ್ಟ್ ಎಂಬವರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕೆಲಸವನ್ನು ಶಿಲ್ಪದ ಪದವಿಗೆ ಏರಿಸಿದರು. ಗಂಟು, ಬೂಷ್ಟು ಹಿಡಿದು ಬಣ್ಣಗೆಟ್ಟ ಮರ, ಒಳಗೆ ಸಿಕ್ಕ ತೊಗಟೆ ಮುಂತಾಗಿ ಇತರರು ತೆಗೆದೆಸೆಯುತ್ತಿದ್ದುದನ್ನು ಅವರು ಮರೆಮಾಡದೆ ಪಾತ್ರೆಯ ಮೈಯಲ್ಲೇ ಉಳಿಸಿಕೊಂಡರು. ಕುಂದನ್ನು ಕುಂದಾಗಿಯೇ ಉಳಿಸಿ ಅಂದಗಾಣಿಸುವ ಈ ದೃಷ್ಟಿಯು ಶ್ಲಾಘನೀಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಬೆಲೆ ಬಂದ ವಸ್ತುವಿಗೆ ಶತ್ರುಗಳೂ ಹುಟ್ಟುವರು. ಉತ್ತರ ಆಫ್ರಿಕದಲ್ಲಿ ಬೆಳೆಯುವ ಥೂಯಾ ಎಂಬ ಮರದ ವೃತ್ತಾಂತವು ಇದಕ್ಕೆ ಬಹು ಪುರಾತನವಾದ ನಿದರ್ಶನ. ಈ ಮರದ ಸುಂದರವಾದ ಗಂಟು ಬುಡದಲ್ಲಿ, ಬೇರಿಗೆ ಸೇರಿದಂತೆ ನೆಲದೊಳಗಿರುತ್ತದೆ. ರೋಮಿನ ಶ್ರೀಮಂತರು ಅದರಿಂದ ಮಾಡಿದ ಮೇಜುಗಳಿಗಾಗಿ ಹುಚ್ಚರಾಗಿದ್ದರು. ಸಿಸೆರೋ ಅಂಥದೊಂದು ಮೇಜಿಗೆ 5 ಲಕ್ಷ ಸೆಸ್ಟರ್ಸ್ ನಾಣ್ಯಗಳನ್ನು ತೆತ್ತನೆಂದು ಕ್ರಿ. ಶ. ಒಂದನೆಯ ಶತಮಾನದ ಪ್ಲಿನಿಯು ಬರೆದಿಟ್ಟಿದ್ದಾನೆ. ಇಂದು ಮೊರಾಕ್ಕೊ ದೇಶದ ಎಸ್ಸಾವಿರಾ ಪಟ್ಟಣದ ಕುಶಲಿಗಳು ಅದೇ ಗಂಟಿನಿಂದ ಕರಡಿಗೆ, ಬಟ್ಟಲು ಮೊದಲಾದವುಗಳನ್ನು ಮಾಡಿ ಜೀವಿಸುತ್ತಾರೆ. ಸೂಜಿಯೆಲೆಯ ಮರಗಳ ವರ್ಗಕ್ಕೆ ಸೇರಿದವುಗಳಲ್ಲಿ ಕಡಿದರೆ ಮತ್ತೆ ಚಿಗುರುವಂಥವು ವಿರಳ, ಥೂಯಾ ಅವುಗಳಲ್ಲೊಂದು. ಆದರೆ ಆ ಚಿಗುರಿಗೆ ಆಧಾರವು ಬುಡವೇ. ಗಂಟಿಗಾಗಿ ಬುಡವನ್ನೇ ಅಗೆದು ತೆಗೆದರೆ ಮರಕ್ಕೆ ಮರುಹುಟ್ಟಿಲ್ಲ. ಕಾಂಡವನ್ನು ಕಡಿದವನು ಫಸಲನ್ನು ಒಯ್ದಂತೆ. ಬುಡವನ್ನು ಅಗೆದವನು ಬಿತ್ತನೆಯ ಬೀಜವನ್ನೇ ತಿಂದಂತೆ.

ಕ್ಯಾಲಿಫೋರ್ನಿಯದ ಕರಾವಳಿಯ ರೆಡ್‌ವುಡ್ ಮರಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. 300 ಅಡಿಗೂ ಮೀರಿ ಬೆಳೆದು ಸಾವಿರಾರು ವರ್ಷ ಬಾಳಬಲ್ಲ ಈ ವೃಕ್ಷಗಳ ಗಂಟಿನಲ್ಲಿಯೂ ಮೊಗ್ಗುಗಳು ನಿದ್ರಿಸುತ್ತವೆ. ಬೆಂಕಿಗೋ ಬಿರುಗಾಳಿಗೋ ಮರ ಹಾಳಾದರೆ ಹೊಸ ಮರವೇಳುವುದು ಅಲ್ಲಿಂದಲೇ. ಕಳ್ಳರು ರಾತ್ರಿಯಲ್ಲಿ ಬಂದು ನಿಂತ ಮರಗಳ ಗಂಟುಗಳನ್ನು ಯಂತ್ರಗರಗಸದಿಂದ ಕೊಯ್ದೊಯ್ಯುವುದು ಹೆಚ್ಚಿದ್ದರಿಂದ, 2014ರಲ್ಲಿ ಅಲ್ಲಿನ ಸಂರಕ್ಷಿತ ವನದ ಒಂದು ರಸ್ತೆಯನ್ನು ರಾತ್ರಿಯ ವೇಳೆ ಮುಚ್ಚಬೇಕಾಯಿತು. ಕೊಳ್ಳುವವನ ಮನೆಯಲ್ಲಿ ಅಲಂಕಾರವಾಗಿ ಕುಳಿತ ಬಟ್ಟಲು, ತಾನು ಬಿದ್ದ ಮರದಿಂದ ಬಂದಿತೋ ನಿಂತ ಮರದಿಂದ ಬಂದಿತೋ ಹೇಳಲಾರದು.

ನಿಂತ ಮರದಿಂದ ಗಂಟನ್ನಷ್ಟೇ ಕೊಯ್ದುಕೊಂಡರೆ ಮರಕ್ಕೇನು ಬಾಧಕವೆಂದು ಕೆಲವರು ಕೇಳಬಹುದು. ಗಂಟು ಹಣ್ಣಿನಂತೆ ತೊಟ್ಟು ಕಳಚಿ ಬರುವ ವಸ್ತುವಲ್ಲ. ಅದನ್ನು ಕೊಯ್ದಲ್ಲಿ ತೊಗಟೆಯಿಲ್ಲದ ಅಗಲವಾದ ಗಾಯವುಂಟಾಗಿ, ಅದರ ಮೂಲಕ ಬೂಷ್ಟೂ ಹುಳುವೂ ಒಳಹೊಕ್ಕು ತಿರುಳು ಕೊಳೆಯುವ ಸಂಭವವಿದೆ. ಗಂಟಿದ್ದೂ ನೂರು ವರ್ಷ ಬಾಳಬಹುದಾಗಿದ್ದ ಮರವು ಗಂಟನ್ನು ಕಳೆದುಕೊಂಡು ಬೇಗನೆ ಬೀಳಬಹುದು.

ಇನ್ನೊಂದು ವಿಚಾರವನ್ನೂ ಮನಗಾಣಬೇಕು. ಗಂಟು ಬೆಳೆಯಲ್ಲ, ಬಿತ್ತಿ ಕೊಯ್ಯುವುದಕ್ಕೆ ಬಾರದು. ಅದು ಆಕಸ್ಮಿಕವಾಗಿ ದೊರೆಯತಕ್ಕ ವಸ್ತು. ತಿಂಗಳಿಗೆ ಇಷ್ಟೆಂದು ಲೆಕ್ಕ ಹಾಕಿ ನಡೆಸುವ ಕೈಗಾರಿಕೆಯನ್ನು ಅದರ ಮೇಲೆ ಕಟ್ಟಿದರೆ, ಬಿದ್ದ ಮರಗಳು ಸಾಲದೆ ನಿಂತ ಮರಗಳ ಮೇಲೆ ಕಣ್ಣು ಬೀಳುವುದು ಅನಿವಾರ್ಯ. ಆದುದರಿಂದ ಈ ಕಲೆಯು ನಿತ್ಯಜೀವನಕ್ಕೆ ಬೇರೆ ಆಧಾರವುಳ್ಳ ಕಸಬುಗಾರರ ಕೈಯಲ್ಲಿದ್ದರೇನೇ ಕ್ಷೇಮ. ಚನ್ನಪಟ್ಟಣದ ಕಡೆಯುವವರು ಇದಕ್ಕೆ ಒಳ್ಳೆಯ ಮೇಲ್ಪಂಕ್ತಿ. ಅವರ ಕಸಬು ಹಳೆಯ ಕಾಲದಿಂದ ನಿಂತುದು ಹಾಲೆಮರದ ಮೇಲೆ. ಬಿಳುಪಾದ, ನಯವಾದ ಎಳೆಯ ಈ ಮರವು ಕಡಿದ ಬುಡದಿಂದ ಮತ್ತೆ ಚಿಗುರುವುದು. ರೈತರು ಬದುಗಳಲ್ಲಿ ಬೆಳೆಸಬಹುದಾದುದು. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವಿಕೆಯ ಕಾವಿನಿಂದಲೇ ಬಣ್ಣ ಹಿಡಿಸುವ ಅವರ ಕೈಚಳಕ ಸರ್ವವಿದಿತ. ಸಣ್ಣ ಬೊಂಬೆಯನ್ನು ಕಡೆಯುವುದಕ್ಕೂ ದೊಡ್ಡ ಗಂಟನ್ನು ಕಡೆಯುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಭಾರವಾದ ಯಂತ್ರವೂ ಪ್ರತ್ಯೇಕವಾದ ಶಿಕ್ಷಣವೂ ಬೇಕು. ಆದರೂ, ಬೆಳೆಸಿದ ಮರದಿಂದ ದಿನದ ಅನ್ನವನ್ನು ಸಂಪಾದಿಸಿಕೊಂಡು, ಅಪರೂಪಕ್ಕೆ ದೊರೆತ ಗಂಟನ್ನು ಹಬ್ಬದ ಅಡುಗೆಯಂತೆ ಕೈಗೆತ್ತಿಕೊಳ್ಳುವುದು ಅಂಥವರಿಗೆ ಸಾಧ್ಯವಾದೀತು.

ರೈತರು ಮಾಡಬೇಕಾದುದು ಹೆಚ್ಚೇನಿಲ್ಲ. ಮರ ಬಿದ್ದಾಗ, ಅಥವಾ ಬೇರೆ ಕಾರಣಕ್ಕಾಗಿ ಮರವನ್ನು ತೆಗೆಯಬೇಕಾದಾಗ, ಗಂಟನ್ನು ಸೌದೆಯ ರಾಶಿಗೆ ಸೇರಿಸದೆ, ಅದರ ಎರಡು ಕಡೆಯೂ ಸ್ವಲ್ಪ ಕಾಂಡವನ್ನು ಬಿಟ್ಟು ಕೊಯ್ಯಿಸಿ, ಮೇಣ ಬಳಿದು ನೆರಳಿನಲ್ಲಿಟ್ಟರೆ ಸಾಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ, ಸ್ವಂತ ಭೂಮಿಯಲ್ಲಿದ್ದರೂ ಹಲವು ಜಾತಿಯ ಮರಗಳನ್ನು ಕಡಿಯುವ ಮೊದಲು ಅನುಮತಿ ಪಡೆಯಬೇಕೆಂಬುದನ್ನು ಮರೆಯತಕ್ಕುದಲ್ಲ. ಕೊಳ್ಳುವವರೂ ಗಂಟು ಎಲ್ಲಿಯದೆಂದು ಕೇಳುವ ಅಭ್ಯಾಸವನ್ನು ಇಟ್ಟುಕೊಂಡರೆ ಕಳ್ಳರ ಕೈ ಬಹುಮಟ್ಟಿಗೆ ಕಟ್ಟಿದಂತಾಗುವುದು.

ಹೊಲದ ಬದುವಿನಲ್ಲಿ ಗಂಟು ಹೊತ್ತು ನಿಂತ ಮುದಿಮರವು ನೆರಳನ್ನೂ ಫಲವನ್ನೂ ಕೊಡುತ್ತಿರುವವರೆಗೆ ಅದರ ಗಂಟು ಅದರದೇ. ತಾನಾಗಿ ಉರುಳಿದ ದಿನ ಅದು ಮನೆಯವರ ಪಾಲಿಗೆ ಬರಲಿ. ಆ ದಿನ ಒಲೆಗೆ ಹೋಗದಿರಲಿ.