ಯಾತ್ರಿಕರ ಚಳಿಯಂಗಿ

ವೃದ್ಧರೊಡನೆ ಕೇದಾರಯಾತ್ರೆಗೆ ಹೊರಡುವ ಗೃಹಸ್ಥರು ದಪ್ಪವಾದ ಒಂದೇ ಕೋಟನ್ನು ಕೊಂಡು ನಿಶ್ಚಿಂತರಾಗುವುದುಂಟು. ಅದು ಸಾಲದು. ಗೌರೀಕುಂಡದಿಂದ ಬೆಟ್ಟವೇರುವಾಗ ಮೈ ಬೆವರುವುದು. ಸುಮಾರು 3,580 ಮೀಟರು ಎತ್ತರದ ಕ್ಷೇತ್ರವನ್ನು ಸೇರಿ ನಿಂತೊಡನೆ ಆ ಬೆವರೇ ಮೈಯ ಕಾವನ್ನು ಹೀರಿಬಿಡುವುದು. ವೃದ್ಧರಿಗೆ ಇದು ಅಪಾಯಕರ. ಆದುದರಿಂದ ಒಳಪದರವನ್ನು ಬೇರ್ಪಡಿಸಲು ಬರುವ ಜಾಕೀಟೇ ಮೇಲು. ಏರುವ ಮುನ್ನ ಅದನ್ನು ತೆಗೆದು ಚೀಲದಲ್ಲಿಟ್ಟು, ನಿಂತಾಗ ತೊಡಿಸಬಹುದು. ಹೊರಪದರವು ಗಾಳಿಮಳೆಗಳನ್ನು ತಡೆಯತಕ್ಕದ್ದು. ಒಳಗಿನದು ಉಣ್ಣೆಯದಾಗಲಿ ಫ್ಲೀಸಿನದಾಗಲಿ ಆಗಬಹುದು. ಪದರಗಳ ನಡುವೆ ಅಲುಗದೆ ನಿಲ್ಲುವ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಹಕ್ಕಿಯ ಪುಕ್ಕ ತುಂಬಿದ ಜಾಕೀಟು ಬಲು ಹಗುರ, ಬೆಲೆ ಮಾತ್ರ ಹಗುರವಲ್ಲ. ನೆನೆದರಂತೂ ಅದರ ಕಾವೆಲ್ಲ ಹೋಯಿತು. ಹತ್ತಿಯ ಬನೀನು ಬೆವರನ್ನು ಹಿಡಿದಿಡುವುದರಿಂದ ಬೇಡ. ಕೊಳ್ಳುವಾಗ ಸ್ವೆಟರಿನ ಮೇಲೆಯೇ ತೊಡಿಸಿ, ಕೈಗಳನ್ನು ಮೇಲೆತ್ತಿಸಿ ನೋಡಿರಿ. ಸೊಂಟ ತೆರೆದುಕೊಂಡರೆ ಒಂದಳತೆ ದೊಡ್ಡದನ್ನು ಕೇಳಿರಿ.