ಅವ್ವನಿಗೆ ವಿಶ್ರಾಂತಿ ಕೊಡಿ, ಆದರೆ ಮೂಲೆಗೆ ಕೂರಿಸಬೇಡಿ

ನಮ್ಮ ಊರುಗಳಲ್ಲಿ ವಯಸ್ಸಾದವರಿಗೆ ಪ್ರೀತಿಯಿಂದ ಹೇಳುವ ಮಾತೊಂದಿದೆ: "ದುಡಿದಿದ್ದು ಸಾಕು, ಇನ್ನು ಕೂತು ಊಟ ಮಾಡಿ." ಕೆಲಸಕ್ಕೆ ಸೇರಿದ ಮಗ ಹೇಳುತ್ತಾನೆ, ಹೊಸದಾಗಿ ಬಂದ ಸೊಸೆ ಹೇಳುತ್ತಾಳೆ, ನೆಂಟರೂ ಹೇಳುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೂ ಈ ಮಾತನ್ನು ನಾವು ಬಿಡಬೇಕು ಅನ್ನುವುದು ನನ್ನ ವಾದ.

ಕೂರಿಸಿದ ಮೇಲೆ ಏನಾಗುತ್ತದೆ ನೋಡಿ. ಒಂದೆರಡು ವರ್ಷದಲ್ಲಿ ನೆಲದಿಂದ ಏಳಲು ಗೋಡೆ ಹಿಡಿಯಬೇಕಾಗುತ್ತದೆ. ಬಸ್ಸಿನ ಮೆಟ್ಟಿಲು ಹತ್ತಲಾಗದೆ ಸಂತೆ, ಮದುವೆ, ತವರು ಒಂದೊಂದಾಗಿ ಬಿಟ್ಟುಹೋಗುತ್ತವೆ. ಬಚ್ಚಲಿಗೆ ಹೋಗಲೂ ಜೊತೆಗೊಬ್ಬರು ಬೇಕು. ಒಂದು ದಿನ ಜಾರಿ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ನಾವು "ವಯಸ್ಸಾಯ್ತಲ್ಲ" ಅಂದು ಸುಮ್ಮನಾಗುತ್ತೇವೆ. ಅದು ಅರ್ಧ ಮಾತ್ರ ನಿಜ.

ಇನ್ನರ್ಧ ಇಲ್ಲಿದೆ. ಅಮೆರಿಕದಲ್ಲಿ ಸರಾಸರಿ 67 ವರ್ಷದ ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ಒಂದು ಅಧ್ಯಯನ ಮಾಡಿದರು. 2007ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಅವರ ಕಾಲುಗಳಿಂದ ಸರಾಸರಿ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು. ರೋಗ ಇರಲಿಲ್ಲ, ಬರೀ ಮಲಗಿದ್ದರು. ಜ್ವರ ಬಂದು ಹತ್ತು ದಿನ ಮಲಗಿದ ಅಜ್ಜ ಆಮೇಲೆ ಮೊದಲಿನಂತೆ ನಡೆಯಲಿಲ್ಲ ಅಂತೀವಲ್ಲ, ಅದರ ಹಿಂದೆ ಇದೂ ಇರುತ್ತದೆ.

ಹೀಗೆ ಮೈಯ ಶಕ್ತಿಯೇ ಸೋರಿಹೋಗುವ ಸ್ಥಿತಿಗೆ ವೈದ್ಯರು 'ಫ್ರೇಲ್ಟಿ' ಅನ್ನುತ್ತಾರೆ. ನಮ್ಮ ಮಾತಿನಲ್ಲಿ ನಿತ್ರಾಣ. 2001ರಲ್ಲಿ ಲಿಂಡಾ ಫ್ರೈಡ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಇದಕ್ಕೆ ಐದು ಗುರುತು ಹೇಳಿದರು: ಪ್ರಯತ್ನಪಡದೆಯೂ ತೂಕ ಇಳಿಯುವುದು, ಸದಾ ಸುಸ್ತು, ಕೈಯ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಇದ್ದರೆ ನಿತ್ರಾಣ. ಒಂದೋ ಎರಡೋ ಇದ್ದರೆ ಅದರ ಹೊಸ್ತಿಲಲ್ಲಿದ್ದಾರೆ ಎಂದರ್ಥ. ಹೊಸ್ತಿಲಲ್ಲಿರುವಾಗಲೇ ಎಚ್ಚೆತ್ತರೆ ಹಿಂದಕ್ಕೆ ಬರುವ ದಾರಿ ಇದೆ.

"ಜೀವನವಿಡೀ ಹೊಲದಲ್ಲಿ ದುಡಿದವರಿಗೆ ವ್ಯಾಯಾಮ ಬೇರೆ ಹೇಳ್ತೀರಾ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಐವತ್ತೈದು ವರ್ಷದ ಕೂಲಿ ಹೆಣ್ಣುಮಗಳು ದಿನವಿಡೀ ಬಗ್ಗಿ ಕಳೆ ಕೀಳುತ್ತಾಳೆ, ಮನೆಯಲ್ಲಿ ಎಲ್ಲರಾದ ಮೇಲೆ ಉಣ್ಣುತ್ತಾಳೆ. ಅವಳ ಬೆನ್ನು, ಮಂಡಿ ಸವೆಯುತ್ತವೆ. ಹೊಟ್ಟೆಗೆ ಸರಿಯಾಗಿ ಬೀಳದೆ, ದಣಿವಾರಿಸಿಕೊಳ್ಳದೆ ಮಾಡುವ ದುಡಿಮೆ ಮೈಯನ್ನು ಗಟ್ಟಿ ಮಾಡುವುದಿಲ್ಲ. ಅವಳಿಗೆ ಬೇಕಾದದ್ದು ಒಳ್ಳೆಯ ಊಟ, ವಿಶ್ರಾಂತಿ, ಮಂಡಿಗೆ ಚಿಕಿತ್ಸೆ. ಹಾಗಾಗಿ ಈ ಬರಹ ತೋರಿಸಿ ಯಾರೂ "ನೋಡಿ, ಮುದುಕರೂ ದುಡಿಯಬೇಕಂತೆ" ಎನ್ನಬಾರದು. ದುಡಿಸುವುದೇ ಬೇರೆ, ಓಡಾಡಲು ಬಿಡುವುದೇ ಬೇರೆ.

ಅತ್ತ ನಲವತ್ತೈದು, ಐವತ್ತರ ಗಂಡಸರ ಕಥೆ ಇನ್ನೊಂದು. ಉಳುಮೆಗೆ ಟ್ರ್ಯಾಕ್ಟರ್ ಬಂತು, ಮೋಟರ್ ಆನ್ ಮಾಡಲು ಮೊಬೈಲ್ ಬಂತು. ಕೂಗಳತೆ ದೂರದ ಡೈರಿಗೆ ಹಾಲು ಹಾಕಲೂ ಬೈಕ್ ಬೇಕು. ಆಮೇಲೆ ಕಟ್ಟೆ ಮೇಲೆ ಎರಡು ಗಂಟೆ ಮಾತು. ಇವರು "ನಾವು ರೈತರು, ನಮಗೇನು" ಅಂದುಕೊಂಡಿದ್ದಾರೆ. ಅಪ್ಪನ ಕಾಲದ ಮೈಕಸುವು ಆಸ್ತಿಯ ಹಾಗೆ ಪಾಲಿಗೆ ಬರುವುದಿಲ್ಲ.

ಹಾಗಾದರೆ ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು: ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಅಂದರೆ ವಾರಕ್ಕೆ ಐದು ದಿನ ಅರ್ಧರ್ಧ ಗಂಟೆ. ಜೊತೆಗೆ ವಾರದಲ್ಲಿ ಎರಡು ದಿನ ಮಾಂಸಖಂಡಕ್ಕೆ ಬಲ ಕೊಡುವ ಕೆಲಸ. 65 ದಾಟಿದವರಿಗೆ ಮೂರು ದಿನ ಸಮತೋಲನ ಮತ್ತು ಬಲದ ಅಭ್ಯಾಸ. ಇದಕ್ಕೆ ಜಿಮ್ ಬೇಡ. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ನೀರು ತುಂಬಿದ ಬಾಟಲಿ ಎತ್ತಿ ಇಳಿಸುವುದು ಸಾಕು. ಎದೆನೋವು, ಉಬ್ಬಸ, ತಲೆಸುತ್ತು ಇರುವವರು ಮೊದಲು ಡಾಕ್ಟರಿಗೆ ತೋರಿಸಲಿ.

ಎಪ್ಪತ್ತಾದ ಮೇಲೆ ಏನು ಪ್ರಯೋಜನ ಎನ್ನಬೇಡಿ. 70ರಿಂದ 89 ವರ್ಷದ, ಕೂತೇ ಕಾಲ ಕಳೆಯುತ್ತಿದ್ದ 1,635 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ನಡಿಗೆ, ಕಾಲಿನ ಬಲ, ಸಮತೋಲನದ ಅಭ್ಯಾಸ. ಉಳಿದವರಿಗೆ ಮುಖ್ಯವಾಗಿ ಆರೋಗ್ಯದ ಪಾಠ. ಸರಾಸರಿ ಎರಡೂವರೆ ವರ್ಷ ಕಳೆದಾಗ, 400 ಮೀಟರ್ ನಡೆಯುವ ಶಕ್ತಿ ಕಳೆದುಕೊಳ್ಳುವ ಅಪಾಯ ಅಭ್ಯಾಸ ಮಾಡಿದವರಲ್ಲಿ 18% ಕಡಿಮೆ ಇತ್ತು. 400 ಮೀಟರ್ ಎಂದರೆ ನಮಗೆ ಮನೆಯಿಂದ ಬಸ್‌ಸ್ಟ್ಯಾಂಡು, ರೇಷನ್ ಅಂಗಡಿ, ಗುಡಿ.

ತಟ್ಟೆಯ ಕಡೆಗೂ ಒಮ್ಮೆ ನೋಡಿ. ಹಲವು ಮನೆಗಳಲ್ಲಿ ಹಲ್ಲಿಲ್ಲದವರಿಗೆ ಮುದ್ದೆ ಜೊತೆ ಸಾರಿನ ತಿಳಿ, ತಳದ ಕಾಳೆಲ್ಲ ಹುಡುಗರಿಗೆ. ಮಾಂಸಖಂಡ ಉಳಿಯಲು ಪ್ರೋಟೀನ್ ಬೇಕು. ಹೆಸರುಕಾಳು, ಹುರುಳಿ ಬೇಯಿಸಿ ಮಸೆದು ಕೊಡಿ. ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ ಕೊಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಬೇಕು.

ಆದರೆ ಎಲ್ಲ ಹೊಣೆಯನ್ನೂ ಮನೆಯವರ ಮೇಲೆ ಹಾಕುವುದು ಸರಿಯಲ್ಲ. ಸುದ್ದಿಗೆಂದು ನಾನು ಹೋದ ಆರೋಗ್ಯ ಶಿಬಿರಗಳಲ್ಲಿ ಬಿಪಿ ನೋಡುತ್ತಾರೆ, ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. "ಅಜ್ಜಿ, ಎದ್ದು ನಾಲ್ಕು ಹೆಜ್ಜೆ ನಡೀರಿ ನೋಡೋಣ" ಎಂದದ್ದನ್ನು ನಾನು ಕಂಡಿಲ್ಲ. ಅದಕ್ಕೆ ಯಂತ್ರ ಬೇಡ, ಕುರ್ಚಿ ಮತ್ತು ಗಡಿಯಾರ ಇದ್ದರಾಯಿತು. ವೃದ್ಧರ ಆರೋಗ್ಯಕ್ಕೆಂದೇ 2010-11ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ. ಅದು ಹಳ್ಳಿಯ ಉಪಕೇಂದ್ರದವರೆಗೆ ಬರಬೇಕು.

ಪಂಚಾಯ್ತಿಗೂ ಪಾಲಿದೆ. ಚರಂಡಿ ಮೇಲಿನ ಚಪ್ಪಡಿ ಒಡೆದಿದ್ದರೆ, ಬೀದಿ ದೀಪ ಉರಿಯದಿದ್ದರೆ, ನಾಯಿಗಳ ಕಾಟವಿದ್ದರೆ ಅರವತ್ತೈದರ ಅವ್ವ ವಾಕಿಂಗ್ ಹೋಗುವುದಾದರೂ ಎಲ್ಲಿ? ಶಾಲೆಯ ಮೈದಾನವನ್ನು ಬೆಳಗ್ಗೆ, ಸಂಜೆ ಒಂದೊಂದು ಗಂಟೆ ಹಿರಿಯರಿಗೆ ಬಿಟ್ಟುಕೊಡಬಹುದು. ನಡುನಡುವೆ ಕೂರಲು ನಾಲ್ಕು ಕಲ್ಲುಬೆಂಚು ಹಾಕಿಸಬಹುದು. ಹೆಂಗಸರು ಒಬ್ಬೊಬ್ಬರೇ ಹೊರಟರೆ ಆಡಿಕೊಳ್ಳುವ ಊರುಗಳಿವೆ. ಸ್ವಸಹಾಯ ಸಂಘದವರು ಒಟ್ಟಾಗಿ ಹೊರಟರೆ ಯಾರೂ ಮಾತಾಡುವುದಿಲ್ಲ.

ಈ ವಾರ ಮನೆಯಲ್ಲೊಂದು ಪರೀಕ್ಷೆ ಮಾಡಿ. ಅಪ್ಪ, ಅವ್ವನನ್ನು ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲೇ ನಿಲ್ಲಿ. ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು 14 ಸೆಕೆಂಡಿನೊಳಗೆ ಆಗಬೇಕು. ಆಗದಿದ್ದರೆ ಗಾಬರಿ ಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಷ್ಟನ್ನೇ ಹೇಳಿ. ಆಮೇಲೆ ನೀವೂ ಅದೇ ಕುರ್ಚಿಯಲ್ಲಿ ಕೂತು ಎಣಿಸಿಕೊಳ್ಳಿ. ಮುಂದಿನ ಗ್ರಾಮಸಭೆಗೆ ಅವರನ್ನು ನಡೆಸಿಕೊಂಡೇ ಹೋಗಿ. ದಾರಿಯಲ್ಲಿ ಅವರು ಎಲ್ಲೆಲ್ಲಿ ಎಡವಿದರು ಅನ್ನುವುದನ್ನೇ ಅಲ್ಲಿ ಎದ್ದು ನಿಂತು ಹೇಳಿ.